ಗಾಳಿ ಡಬ್ಬಿಯ ಮುಚ್ಚಳ

ಅಣ್ಣ ನನ್ನನ್ನು ಕೇಳಿದ್ದು ಒಂದೇ ಮಾತು. "ಮುಚ್ಚಳಾ ತಗದು ನೋಡಿದೇನು?" ನಾನು ನೋಡಿರಲಿಲ್ಲ. ಆದರೂ "ನೋಡೇನಿ, ಎಲ್ಲಾ ಬರೋಬ್ಬರಿ ಐತಿ" ಅಂದೆ. ಅವನ ಗ್ಯಾರೇಜಿನಲ್ಲಿ ಆಗ ಗಿರಾಕಿಗಳು ನಿಂತಿದ್ದರು. ಅವರ ಎದುರಿಗೇ, ಅಣ್ಣ ಬಿಚ್ಚಿ ಕಟ್ಟಿದ ಇಂಜಿನ್ನು ಎಣ್ಣೆ ಕಾರುತ್ತಿದೆ, ಅವನ ಕೈ ಈಗ ಮೊದಲಿನಂತಿಲ್ಲ ಎಂದೂ ಹೇಳಿಬಿಟ್ಟೆ. ಆ ಮಾತಿನ ಬೆನ್ನು ಹತ್ತಿ ಬೆಟಗೇರಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿ ಹಾದು ಮುಂಡರಗಿ ಮುಟ್ಟಿದ ಪ್ರಯಾಣ ಇದು.

ನಮ್ಮದು ಬೆಟಗೇರಿಯ ನೇಕಾರರ ಮನೆ. ನಾನು ಐದನೆಯ ಇಯತ್ತೆಗೆ ಶಾಲೆ ಬಿಟ್ಟು ಮಗ್ಗಕ್ಕೆ ಕೂತವನು. ಅಣ್ಣ ಫಕೀರಪ್ಪ ಮಗ್ಗ ಒಲ್ಲೆನೆಂದು ಗ್ಯಾರೇಜು ಸೇರಿ ಮಿಸ್ತ್ರಿಯಾದ. ಹಳೆಯದೊಂದು ಬಿಳಿ ಅಂಬಾಸಿಡರ್ ಕೊಂಡು, ತಾನೇ ಸರಿಮಾಡಿ, ಮದುವೆ ಬಾಡಿಗೆಗೆ ಬಿಟ್ಟಿದ್ದ. ನಮ್ಮ ಓಣಿಯ ಎಷ್ಟೋ ಹೆಣ್ಣುಮಕ್ಕಳು ಅದರಲ್ಲಿ ಕೂತೇ ಗಂಡನ ಮನೆಗೆ ಹೋಗಿದ್ದಾರೆ. ಈಗೀಗ ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳುವವರೂ ಹಳೆಯ ಗಾಡಿಯೇ ಬೇಕೆಂದು ಕೇಳಿಕೊಂಡು ಬರುತ್ತಾರೆ. ಕಳೆದ ವರ್ಷ ಅಣ್ಣ ಅದರ ಇಂಜಿನ್ನನ್ನು ಪೂರಾ ಬಿಚ್ಚಿ, ಒಳಗಿನ ಎಣ್ಣೆ ಮೇಲೇರದಂತೆ ತಡೆಯುವ ರಿಂಗುಗಳನ್ನು ಹೊಸದಾಗಿ ಹಾಕಿದ. ಆಮೇಲೆ ಅವನ ಒಂದು ಕಣ್ಣಿನ ಆಪರೇಷನ್ ಆಯಿತು, ಇನ್ನೊಂದರದು ಬಾಕಿ ಇತ್ತು. ಗಾಡಿ ನೋಡಿಕೋ ಎಂದು ಕೀಲಿಯನ್ನು ನನ್ನ ಕೈಗೆ ಕೊಟ್ಟ.

ಕೆಲವು ತಿಂಗಳಲ್ಲಿ ಕಾರ್ಬುರೇಟರಿನ ಸುತ್ತ, ಅಂದರೆ ಇಂಜಿನ್ನು ಗಾಳಿ ಎಳೆದುಕೊಳ್ಳುವ ಕಡೆ, ಎಣ್ಣೆ ಜಿನುಗತೊಡಗಿತು. ಅದರ ಮೇಲೆ ಧೂಳು ಕೂತು ರಾಡಿಯಾಯಿತು. ಆಗೀಗ ಹಿಂದಿನಿಂದ ನೀಲಿ ಹೊಗೆ ಬರುತ್ತಿತ್ತು. ಒಂದು ಮದುವೆಯಲ್ಲಿ ಹೊಗೆ ಕಂಡು ಬೀಗರು ಮೂಗು ಮುಚ್ಚಿಕೊಂಡು ನಕ್ಕರು. ಆ ಸಿಟ್ಟಿನಲ್ಲೇ ಗಾಡಿಯನ್ನು ಅಣ್ಣನ ಗ್ಯಾರೇಜಿಗೆ ಒಯ್ದೆ. ಎರಡನೆಯ ಕಣ್ಣಿನ ಆಪರೇಷನ್ ಆಗಿ ಅವನಿಗೆ ಇನ್ನೂ ವಾರವೂ ಕಳೆದಿರಲಿಲ್ಲ. ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ಅವನು ನನ್ನ ಕಣ್ಣನ್ನು ನಂಬಿ ಕೇಳಿದ.

ಅವನು ಕೇಳಿದ್ದು ಗಾಳಿ ಡಬ್ಬಿಯ ಮುಚ್ಚಳದ ಬಗ್ಗೆ. ಕಾರ್ಬುರೇಟರಿನ ಮೇಲೆ ಗಾಳಿ ಸೋಸುವ ಒಂದು ತಗಡಿನ ಡಬ್ಬಿ ಇರುತ್ತದೆ. ಹಳೆಯ ಗಾಡಿಗಳಲ್ಲಿ ಅದರ ತಳಕ್ಕೆ ಒಂದಿಷ್ಟು ಎಣ್ಣೆ ಹಾಕಿರುತ್ತಾರೆ, ಗಾಳಿಯೊಳಗಿನ ಧೂಳು ಅದಕ್ಕೆ ಅಂಟಿ ಉಳಿಯಲಿ ಎಂದು. ಎಲ್ಲಿಯವರೆಗೆ ಹಾಕಬೇಕೆಂಬುದಕ್ಕೆ ಒಳಗೆ ಒಂದು ಗೆರೆ ಇರುತ್ತದೆ. "ಎಣ್ಣಿ ಗೆರಿಗೇ ಐತಲ್ಲ?" ಎಂದು ಅಣ್ಣ ಇನ್ನೊಮ್ಮೆ ಕೇಳಿದ. ಎಣ್ಣೆ ಕಡಿಮೆಯಾಗಿದೆಯೇನೋ ಎಂಬುದು ಅವನ ಚಿಂತೆ ಎಂದುಕೊಂಡೆ. ಕಡಿಮೆಯಾಗಿರಲು ಸಾಧ್ಯವೇ ಇರಲಿಲ್ಲ, ಅದು ನನಗೆ ಗೊತ್ತಿತ್ತು. "ಗೆರಿಗೇ ಐತಿ" ಅಂದೆ.

ಅಣ್ಣ ತನ್ನ ಅಂಗೈ ನೋಡಿಕೊಂಡ. "ಹಂಗಾರ ರಿಂಗ ಸರಿ ಕುಂತಿಲ್ಲ. ನನ್ನ ಕೈದಽ ತಪ್ಪು" ಅಂದ. ಇಂಜಿನ್ನು ಬಿಚ್ಚಿಸಲು ಬಂದಿದ್ದವನೊಬ್ಬ ನಾಳೆ ಬರುತ್ತೇನೆಂದು ಹೊರಟ. ಅವನು ಮತ್ತೆ ಬರಲಿಲ್ಲ. ನನ್ನ ಮಾತು ಬೆಟಗೇರಿಯಿಂದ ಗದಗಿನ ಸ್ಟ್ಯಾಂಡಿನವರೆಗೂ ತಿರುಗಾಡಿತು. ಮಳೆಗಾಲ ಮುಗಿಯುವುದರೊಳಗೆ ಅಣ್ಣ ಗ್ಯಾರೇಜಿನ ಬಾಗಿಲು ಹಾಕಿ ಮುಂಡರಗಿಗೆ, ಮಗಳು ಶಾಂತಾಳ ಮನೆಗೆ ಹೋದ.

ದೀಪಾವಳಿ ಕಳೆದು ಚಳಿ ಶುರುವಾದಾಗ ಶಾಂತಾಳ ಫೋನು ಬಂತು. "ಕಾಕಾ, ಅಪ್ಪ ಪಾನಾ ಪೆಟಿಗಿ ಕೊಟ್ಟ ಬಿಡತಾನಂತ. ಆಯತವಾರ ರಾಜೇಸಾಬ ಮಿಸ್ತ್ರಿ ಬಂದು ಒಯ್ತಾನ. ನಾ ಹೇಳಿದ್ರ ಕೇಳವಲ್ಲ, ನೀವಾರ ಬಂದು ಹೇಳ್ರಿ." ಪಾನಾ ಅಂದರೆ ನಟ್ಟು ಬಿಚ್ಚುವ ಸ್ಪ್ಯಾನರು. ಆ ಪೆಟ್ಟಿಗೆಯನ್ನು ಅಣ್ಣ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅದು ಕೈಬಿಟ್ಟರೆ ಅವನು ಇನ್ನೊಮ್ಮೆ ಗ್ಯಾರೇಜಿನ ಬಾಗಿಲು ತೆಗೆಯುವುದಿಲ್ಲ ಎಂದು ನನಗೆ ತಿಳಿಯಿತು.

ಆಗಲೂ ನನಗೆ ಹೊಳೆದದ್ದು ಅಡ್ಡದಾರಿಯೇ. ಗಾಡಿ ಇರುವುದರಿಂದ ಈ ಮುನಿಸು, ಗಾಡಿಯನ್ನೇ ಮಾರಿಬಿಟ್ಟರೆ ಮಾತೂ ಮುಗಿದೀತು ಎಂದುಕೊಂಡೆ. ಮಾರು ಎಂದು ಅಣ್ಣ ಹೋಗುವಾಗಲೇ ಹೇಳಿದ್ದ. ಲಕ್ಷ್ಮೇಶ್ವರದಲ್ಲಿ ಹಳೆ ಗಾಡಿಯ ಹುಚ್ಚಿರುವ ಶೇಂಗಾ ವ್ಯಾಪಾರಿ ಮಲ್ಲೇಶಪ್ಪನವರು ಎರಡು ಸಲ ಹೇಳಿ ಕಳಿಸಿದ್ದರು. ಅವರಿಗೆ ಗಾಡಿ ಕೊಟ್ಟು, ಬಸ್ಸು ಹಿಡಿದು ಆಯತವಾರದ, ಅಂದರೆ ಭಾನುವಾರದ ಹೊತ್ತಿಗೆ ಮುಂಡರಗಿ ಮುಟ್ಟುವುದು ಎಂದು ಠರಾಯಿಸಿದೆ.

ಶನಿವಾರ ಬೆಳಿಗ್ಗೆ ಹೆಂಡತಿ ನೀಲವ್ವನನ್ನು ಕೂಡಿಸಿಕೊಂಡು ಹೊರಟೆ. ಗಿರಾಕಿಯ ಕಣ್ಣಿಗೆ ರಾಡಿ ಬೀಳಬಾರದೆಂದು ಅವಳು ಮಗ್ಗದ ಬಿಳಿ ಅರಿವೆಯ ತುಂಡುಗಳಿಂದ ಕಾರ್ಬುರೇಟರನ್ನು ಉಜ್ಜಿ ಉಜ್ಜಿ ಥಳಥಳ ಮಾಡಿದ್ದಳು. ಇನ್ನಷ್ಟು ತುಂಡುಗಳನ್ನು ಚೀಲದಲ್ಲಿಟ್ಟುಕೊಂಡಿದ್ದಳು. ಗದಗಿನಲ್ಲಿ ಪೆಟ್ರೋಲು ಹಾಕಿಸಿ ಊರು ದಾಟಿದೆವು. ಲಕ್ಷ್ಮೇಶ್ವರ ಅಲ್ಲಿಂದ ನಲವತ್ತು ಕಿಲೋಮೀಟರಿನಷ್ಟು ದೂರ. ಎರಡೂ ಬದಿಗೆ ಎರೆಹೊಲ, ಹತ್ತಿ ಒಡೆದು ಬೆಳ್ಳಗೆ ಕಾಣುತ್ತಿತ್ತು. ಗಾಡಿ ಹದವಾಗಿಯೇ ಓಡುತ್ತಿತ್ತು. ಇದೇ ರಸ್ತೆಯಲ್ಲಿ ಅಣ್ಣ ನನಗೆ ಗಾಡಿ ಹೊಡೆಯುವುದನ್ನು ಕಲಿಸಿದ್ದ. ನಾನು ಗೇರು ತಪ್ಪಿದಾಗೆಲ್ಲ ಬೈಯುತ್ತಿರಲಿಲ್ಲ, ಇಂಜಿನ್ನಿಗೆ ನೋವಾದಂತೆ ತಾನೇ ಮುಖ ಕಿವುಚುತ್ತಿದ್ದ.

ಮುಳಗುಂದದಲ್ಲಿ ನಿಂತು ಗಿರಮಿಟ್ಟು, ಮಿರ್ಚಿ ತಿಂದು ಚಹಾ ಕುಡಿದೆವು. ನೀಲವ್ವ ಬಾನೆಟ್ ಎತ್ತಿಸಿ ನೋಡಿದಳು. ಕಾರ್ಬುರೇಟರಿನ ಕೊರಳಿಗೆ ಆಗಲೇ ಎಣ್ಣೆ ಇಳಿದಿತ್ತು. ಅವಳು ಒರೆಸಿ ತುಂಡನ್ನು ಬೆಳಕಿಗೆ ಹಿಡಿದಳು.

"ರೀ, ಇಂಜಿನ್ನಿನ ಎಣ್ಣಿ ಕರ್ರಗಿರತೈತಿ ಅಲ್ಲ? ಇದು ನೋಡ್ರಿ, ಜೇನತುಪ್ಪ ಇದ್ದಂಗೈತಿ."

"ಎಣ್ಣಿ ಅಂದ್ರ ಎಣ್ಣಿ. ಒರಸು, ಹೊತ್ತಾಗತೈತಿ" ಅಂದೆ.

"ಒರಸೂದಽ ಆತು ನನ್ನ ಬಾಳೇವು" ಎಂದು ಅವಳು ತುಂಡನ್ನು ಮಡಚಿ ಚೀಲಕ್ಕೆ ಹಾಕಿದಳು. ಆಗಲೇ ಕೇಳಿದ್ದರೆ ಅರ್ಧ ದಾರಿ ಉಳಿಯುತ್ತಿತ್ತು.

ಲಕ್ಷ್ಮೇಶ್ವರಕ್ಕೆ ಮುಟ್ಟಿದಾಗ ಬಿಸಿಲು ಚುರುಕಾಗಿತ್ತು. ಮಲ್ಲೇಶಪ್ಪನವರ ಅಂಗಡಿಯ ಮುಂದೆ ಶೇಂಗಾ ಚೀಲಗಳ ಸಾಲು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಹೊರಗೆ ಬಂದವರು ಗಾಡಿಯ ಸುತ್ತ ಎರಡು ಸುತ್ತು ಹಾಕಿ, ಬಾನೆಟ್ ಎತ್ತಿಸಿ, ದೂರದಿಂದಲೇ ಕತ್ತು ಚಾಚಿ ನೋಡಿದರು.

"ಏನ್ರಿ ಬಸಣ್ಣ, ಗಾಡಿಗೆ ಎಣ್ಣಿ ಹಚ್ಚಿ ಎರದು ತಂದೀರೇನು?"

"ಹಳೇ ಗಾಡಿ ಅಲ್ರಿ, ಜರಾ ಬೆವರತೈತಿ."

"ಬೆವರೂ ಗಾಡಿ ನಾ ನೋಡಿಲ್ರಿ. ಗಾಡಿ ಮಾರವ್ರು ಬೆವರೂದು ನೋಡೇನಿ."

ಅಂಗಡಿಯ ಹಮಾಲರು ನಕ್ಕರು. ನಾನೂ ನಕ್ಕೆ, ಬೆವರುತ್ತಲೇ. ಆಮೇಲೆ ಅವರು ಇಂಜಿನ್ನಿನ ತಲೆಯಿಂದ ಗಾಳಿ ಡಬ್ಬಿಗೆ ಹೋಗುವ ಒಂದು ರಬ್ಬರ್ ಪೈಪನ್ನು ತೋರಿಸಿದರು. ಇಂಜಿನ್ನಿನ ಒಳಗಿನ ಉಗಿ ಅದರಲ್ಲಿ ಹೊರಗೆ ಬರುತ್ತದೆಯಂತೆ. "ರಿಂಗ ಹೋಗಿದ್ರ ಉಗಿ ಕೂಡ ಎಣ್ಣೀನೂ ಈ ಪೈಪಿನ್ಯಾಗ ಹಾದು ಮ್ಯಾಲ ಬರತೈತಿ. ಈ ಪೈಪ ಬಿಚ್ಚಿ ಒಂದ ಖಾಲಿ ಬಾಟ್ಲಿಗೆ ಬಿಡ್ರಿ. ನಾಳಿ ಮುಂಜಾನೆ ಶಿರಹಟ್ಟಿಗೆ ಹೋಗಿ ಬರ್ರಿ. ಬಾಟ್ಲ್ಯಾಗ ಎಣ್ಣಿ ಬಿದ್ರ ಗುಜರಿ ರೇಟು. ಬೀಳದಿದ್ರ ನೀವು ಹೇಳಿದ ರೇಟು. ಆತಿಲ್ಲೋ?"

"ಆತ್ರಿ" ಅಂದೆ. ಬಾಟ್ಲಿಯಲ್ಲಿ ಎಣ್ಣೆ ಬಂದೇ ಬರುತ್ತದೆ ಎಂದು ನನಗೆ ಖಾತ್ರಿಯಿತ್ತು, ಗುಜರಿ ರೇಟಿಗಾದರೂ ಗಾಡಿ ಹೋದರೆ ಸಾಕಿತ್ತು. ಅಣ್ಣನ ಕೈ ಕೆಟ್ಟಿದೆ ಎಂದು ಊರಿಗೆಲ್ಲ ಹೇಳಿದವನು ನಾನೇ ಅಲ್ಲವೇ.

ಆ ದಿನ ನೀಲವ್ವನ ಚಿಕ್ಕವ್ವನ ಮನೆಯಲ್ಲಿ ಉಳಿದೆವು. ಜೋಳದ ರೊಟ್ಟಿ, ಹೀರೀಕಾಯಿ ಪಲ್ಯ, ಶೇಂಗಾ ಹಿಂಡಿ. ಚಿಕ್ಕವ್ವ ಅಣ್ಣನ ಆರಾಮ ಕೇಳಿದರು. "ಮುಂಡರಗ್ಯಾಗ ಆರಾಮದಾನ್ರಿ" ಎಂದು ರೊಟ್ಟಿ ಮುರಿಯುತ್ತ ಹೇಳಿದೆ. ನೀಲವ್ವ ನನ್ನ ತಾಟಿನಿಂದ ಕಣ್ಣು ತೆಗೆಯಲಿಲ್ಲ.

ಆಯತವಾರ ಬೆಳಿಗ್ಗೆ ಮಲ್ಲೇಶಪ್ಪನವರೇ ಎದುರಿಗೆ ನಿಂತು ಬಾಟ್ಲಿ ಕಟ್ಟಿಸಿದರು. ಪೈಪು ಬಿಚ್ಚಿದ್ದರಿಂದ ಗಾಳಿ ಡಬ್ಬಿಯಲ್ಲಿ ಉಳಿದ ತೂತಿಗೆ ನೀಲವ್ವನ ಅರಿವೆಯ ತುಂಡನ್ನು ತುರುಕಿದೆವು. ಕಾರ್ಬುರೇಟರನ್ನು ಮತ್ತೆ ಒಣಗುವಂತೆ ಒರೆಸಿಕೊಂಡು ಹೊರಟೆವು. ಹೊಲದ ಮೇಲೆ ತೆಳುವಾಗಿ ಇಬ್ಬನಿ ಇತ್ತು. ಚಳಿಗಾಲಕ್ಕೆ ಅಲ್ಲೇ ಹತ್ತಿರದ ಮಾಗಡಿ ಕೆರೆಗೆ ಬರುವ ಹಕ್ಕಿಗಳು ಒಂದರ ಹಿಂದೆ ಒಂದು ಸಾಲಾಗಿ, ಕೊರಳು ಚಾಚಿ, ಕಾಳು ಹುಡುಕಿಕೊಂಡು ಹೊಲಗಳ ಕಡೆ ಹೋಗುತ್ತಿದ್ದವು. ನೀಲವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿ ಅವು ಮರೆಯಾಗುವವರೆಗೂ ನೋಡಿದಳು. ನನ್ನ ಲಕ್ಷ್ಯವೆಲ್ಲ ಬಾನೆಟ್ಟಿನ ಕೆಳಗಿನ ಬಾಟ್ಲಿಯ ಮೇಲಿತ್ತು.

ಶಿರಹಟ್ಟಿ ದೂರವೇನಿಲ್ಲ. ಅಲ್ಲಿಯ ಮಠಕ್ಕೆ ನಮ್ಮವ್ವ ಹರಕೆ ಹೊತ್ತ ಮೇಲೆ ಅಣ್ಣ ಹುಟ್ಟಿದ್ದು, ಅದಕ್ಕೇ ಅವನಿಗೆ ಫಕೀರಪ್ಪ ಎಂದು ಹೆಸರು. ಹೊರಗೆ ಬೇವಿನ ಗಿಡದ ನೆರಳಲ್ಲಿ ಗಾಡಿ ನಿಲ್ಲಿಸಿ, ಕೈಮುಗಿದು ಬಂದು ಬಾನೆಟ್ ಎತ್ತಿದೆ.

ಬಾಟ್ಲಿಯಲ್ಲಿ ಉಗಿ ಹತ್ತಿ ಮಂಜಾಗಿತ್ತು, ಅಷ್ಟೇ. ಬೋರಲು ಹಾಕಿ ಅಲುಗಾಡಿಸಿದೆ. ಒಂದು ಹನಿ ಎಣ್ಣೆಯೂ ಬೀಳಲಿಲ್ಲ. ಇಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ ತೆಗೆದು ನೋಡಿದೆ. ಬೆಟಗೇರಿಯಲ್ಲಿ ಎಷ್ಟಿತ್ತೋ ಅಷ್ಟೇ ಇತ್ತು. ಕಾರ್ಬುರೇಟರಿನ ಕೊರಳು ಮಾತ್ರ ಮತ್ತೆ ಹಸಿಯಾಗಿತ್ತು.

ನೀಲವ್ವ ಒರೆಸಿದ ತುಂಡನ್ನು ಮೂಗಿನ ಹತ್ತಿರ ಹಿಡಿದಳು. "ಬಾಟ್ಲಿ ಒಣಗೇತಿ. ಇದು ಹಸಿ ಐತಿ. ಅಂದ್ರ ಎಣ್ಣಿ ಇಂಜಿನ್ನಿಂದ ಬರಾಕತ್ತಿಲ್ಲ."

"ಮತ್ತ ಎಲ್ಲಿಂದ ಬರತೈತಿ? ಮುಗಲಿಂದ ಬೀಳತೈತೇನು?"

"ಮುಗಲು ಯಾಕ, ಮ್ಯಾಲ ಡಬ್ಬಿ ಇಲ್ಲೇನು" ಎಂದು ಅವಳು ಬೆರಳು ತೋರಿಸಿದಳು.

ಮುಚ್ಚಳದ ಕಿವಿನಟ್ಟಿಗೆ ತುಕ್ಕು ಹಿಡಿದಿತ್ತು. ಅಣ್ಣ ಬಿಗಿದ ಮೇಲೆ ಯಾರೂ ತಿರುಗಿಸಿಲ್ಲ ಎಂಬುದು ಅದನ್ನು ನೋಡಿದರೇ ಗೊತ್ತಾಗುತ್ತಿತ್ತು. ಅರಿವೆ ಸುತ್ತಿ ತಿರುಗಿಸಿದೆ. ಮುಚ್ಚಳ ಎತ್ತಿದೆ, ಅದರ ಕೆಳಗಿನ ತಂತಿಯ ಜಾಳಿಗೆ ಎತ್ತಿದೆ. ಜಾಳಿಗೆಯಿಂದ ಎಣ್ಣೆ ದಾರವಾಗಿ ಇಳಿಯಿತು. ಡಬ್ಬಿಯ ಒಳಗೆ ಗೆರೆ ಎಲ್ಲಿಯೂ ಕಾಣಲಿಲ್ಲ. ಜೇನುತುಪ್ಪದ ಬಣ್ಣದ ಎಣ್ಣೆ ಕಂಠಮಟ ತುಂಬಿ, ಮೇಲೆ ಬೇವಿನ ಗಿಡದ ನೆರಳು ಅಲುಗಾಡುತ್ತಿತ್ತು. ಇಂಜಿನ್ನು ಉಸಿರೆಳೆದಾಗೆಲ್ಲ ಆ ಎಣ್ಣೆ ಗಾಳಿಯ ಜೊತೆ ಕಾರ್ಬುರೇಟರಿಗೆ ಇಳಿಯುತ್ತಿತ್ತು. ರಿಂಗಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ನೀಲವ್ವ ತಗ್ಗಿದ ದನಿಯಲ್ಲಿ ಹೇಳಿದಳು. "ಅಮಾಸಿಗೊಮ್ಮೆ ಎಣ್ಣಿ ಅಳ್ಯಾಕ ಚಹಾದ ಕಪ್ಪು ತೊಳದು ಕೈಯಾಗ ಕೊಡತಿದ್ದಾಕಿ ನಾನಽ."

ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ನೇಯುವುದಿಲ್ಲ. ಅಂದು ಮಗ್ಗ ಜಾಡಿಸಿ, ಲಾಳಿ ಓಡುವ ಕಡೆ ಎಣ್ಣೆ ಬಿಟ್ಟು, ವಿಭೂತಿ ಹಚ್ಚಿ ಪೂಜೆ ಮಾಡುತ್ತೇವೆ. ಗಾಡಿ ನನ್ನ ಮನೆಯ ಮುಂದೆ ಬಂದು ನಿಂತ ಮೇಲೆ ಅದಕ್ಕೂ ಅಮಾವಾಸ್ಯೆಯ ಪೂಜೆ ಶುರುವಾಯಿತು. ಊದಿನಕಡ್ಡಿ ಬೆಳಗಿ, ಒಂದು ಚಹಾದ ಕಪ್ಪಿನಷ್ಟು ಎಣ್ಣೆಯನ್ನು ಗಾಳಿ ಡಬ್ಬಿಯ ಬಾಯಿಯಿಂದಲೇ ಸುರಿಯುತ್ತಿದ್ದೆ. ಹಳೆಯ ಎಣ್ಣೆ ಚೆಲ್ಲಿ, ಗೆರೆ ನೋಡಿ ಹಾಕಬೇಕು ಎಂದು ಅಣ್ಣ ಕೀಲಿ ಕೊಡುವಾಗ ಹೇಳಿದ್ದ. ಮುಚ್ಚಳ ಬಿಚ್ಚುವ ರಗಳೆ ಯಾಕೆಂದು ನಾನು ಬಿಟ್ಟೆ. ಮಗ್ಗಕ್ಕೆ ಎಣ್ಣೆ ಹೆಚ್ಚಾದರೆ ಒರೆಸಿದರಾಯಿತು. ನೇಕಾರರ ಮನೆಯಲ್ಲಿ ಎಣ್ಣೆ ಬಿಟ್ಟದ್ದಕ್ಕೆ ಯಾರೂ ಬೈಸಿಕೊಂಡದ್ದಿಲ್ಲ. ಬೀಗರು ಹೊಗೆ ಕಂಡು ನಕ್ಕ ಆ ಮದುವೆ ಅಮಾವಾಸ್ಯೆ ಕಳೆದ ಎರಡು ದಿನಕ್ಕೇ ಇತ್ತು. ಅದೂ ಆಗ ನೆನಪಾಯಿತು.

ಸ್ವಲ್ಪ ಹೊತ್ತು ಗಿಡದ ಬುಡದಲ್ಲಿ ಕೂತೆ. ಈ ಎಣ್ಣೆಯನ್ನು ಇಲ್ಲೇ ಚೆಲ್ಲಿ, ಗೆರೆಗೆ ಸರಿಮಾಡಿ, ಖಾಲಿ ಬಾಟ್ಲಿ ತೋರಿಸಿದರೆ ಲಕ್ಷ್ಮೇಶ್ವರದಲ್ಲಿ ನಾನು ಹೇಳಿದ ರೇಟು ಸಿಗುತ್ತಿತ್ತು. ಅಣ್ಣನಿಗೆ ಗಾಡಿ ಹೋಯಿತು ಅಂದರೆ ಸಾಕಿತ್ತು.

"ಚೆಲ್ಲಿ ಒರಸಿದ್ರ ಯಾರಿಗೂ ಗೊತ್ತಾಗಂಗಿಲ್ಲ" ಅಂದೆ.

"ನನಗ ಗೊತ್ತಾತಲ್ರಿ" ಅಂದಳು ನೀಲವ್ವ. ಮುಚ್ಚಳವನ್ನು ತಾನೇ ಎತ್ತಿ ನನ್ನ ಕೈಗಿಟ್ಟಳು. "ಹ್ಯಾಂಗೈತಿ ಹಂಗ ಮುಚ್ಚರಿ. ಭಾವ ತಮ್ಮ ಕಣ್ಣಿಂದ ನೋಡ್ಲಿ. ಅವರ ಕಣ್ಣು ಈಗ ಚಲೋ ಆಗ್ಯಾವ."

ಪೈಪನ್ನು ಮೊದಲಿನಂತೆ ಕೂಡಿಸಿ, ಮಲ್ಲೇಶಪ್ಪನವರಿಗೆ ಫೋನು ಹಚ್ಚಿದೆ. "ಬಾಟ್ಲಿ ಖಾಲಿ ಐತ್ರಿ ಧಣಿ. ಆದ್ರ ಗಾಡಿ ಮಾರಂಗಿಲ್ರಿ." ಅವರು "ಬಾಟ್ಲಿ ಖಾಲಿ ಮಾಡಿದ ಮಂದಿ ಹಿಂಗಽ ಮಾತಾಡತಾರ್ರಿ ಬಸಣ್ಣ" ಎಂದು ನಕ್ಕು ಇಟ್ಟರು.

ಶಿರಹಟ್ಟಿಯಿಂದ ಮುಂಡರಗಿಗೆ ಕಪ್ಪತಗುಡ್ಡದ ಬದಿಗೆ ಹಿಡಿದು ಹೋದೆವು. ಗುಡ್ಡದ ನೆತ್ತಿಯ ಮೇಲೆ ಗಾಳಿಕಂಬಗಳು ನಿಧಾನ ತಿರುಗುತ್ತಿದ್ದವು. ಏರಿನಲ್ಲಿ ಕನ್ನಡಿ ನೋಡಿದರೆ ನಮ್ಮ ಹಿಂದೆ ನೀಲಿ ಹೊಗೆ ರಸ್ತೆಯುದ್ದಕ್ಕೂ ಬರುತ್ತಿತ್ತು. ಇಷ್ಟು ತಿಂಗಳು ಅದನ್ನು ಅಣ್ಣನ ಹೊಗೆ ಎಂದು ಬೈದಿದ್ದೆ. ದಾರಿಯಲ್ಲಿ ಒಂದು ಹಳ್ಳದ ದಂಡೆಗೆ ರೊಟ್ಟಿ ಬುತ್ತಿ ಬಿಚ್ಚಿದೆವು. ನಾನು ಹೇಳಬೇಕಾದ ಮಾತನ್ನು ಒಳಗೇ ಹೊಂದಿಸುತ್ತಿದ್ದೆ. ಪ್ರತಿ ಸಲವೂ ಎಣ್ಣೆಯ ಮಾತು ಸಲೀಸಾಗಿ ಬರುತ್ತಿತ್ತು, ಸುಳ್ಳಿನ ಮಾತಿಗೆ ಬಂದಾಗ ನಾಲಗೆ ನಿಲ್ಲುತ್ತಿತ್ತು. ಎಣ್ಣೆ ಸುರಿದದ್ದು ತಿಳಿಯದೆ ಆದದ್ದು. "ನೋಡೇನಿ" ಅಂದದ್ದು ತಿಳಿದೇ ಅಂದದ್ದು.

ಮಧ್ಯಾಹ್ನದ ಹೊತ್ತಿಗೆ ಮುಂಡರಗಿಯಲ್ಲಿ ಶಾಂತಾಳ ಮನೆಯ ಮುಂದೆ ಗಾಡಿ ನಿಂತಿತು. ಕಟ್ಟೆಯ ಮೇಲೆ ಪಾನಾ ಪೆಟ್ಟಿಗೆ ತೆರೆದಿತ್ತು. ಟ್ರ್ಯಾಕ್ಟರ್ ಮಿಸ್ತ್ರಿ ರಾಜೇಸಾಬ ಒಂದೊಂದೇ ಪಾನಾ ಎತ್ತಿ, ತೂಗಿ ನೋಡಿ, ಗೋಣಿತಟ್ಟಿನ ಮೇಲೆ ಇಡುತ್ತಿದ್ದ. ನೆರೆಯ ಇಬ್ಬರು ಮುದುಕರು ಸುಮ್ಮನೆ ನೋಡುತ್ತ ಕೂತಿದ್ದರು. ಅಣ್ಣ ಗೋಡೆಗೆ ಆತು ಬೇರೆ ಕಡೆ ಮುಖ ಮಾಡಿದ್ದ. ನಾನು ಕೀಲಿ ತಿರುಗಿಸಲು ಹೋದಾಗ ಕೈ ಎತ್ತಿದ.

"ಬಂದ್ ಮಾಡಬ್ಯಾಡ. ತಡಿ."

ಎದ್ದು ಬಂದ. ನನ್ನನ್ನು ಮಾತಾಡಿಸಲಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಊರಿ, ತಲೆ ಬಾಗಿಸಿ ಕೇಳಿದ. ಆಮೇಲೆ ರಾಜೇಸಾಬನ ಕಡೆ ತಿರುಗಿ, "ಕೇಳ ಸಾಹೇಬಾ. ರಿಂಗ ಹೋದ ಗಾಡಿ ಹಿಂಗ ನುಡೀತೈತೇನು?" ಅಂದ.

"ಇಲ್ ಬಿಡಪಾ. ಇದು ಹೊಸಾ ಮದುಮಗನಂಗೈತಿ" ಅಂದ ರಾಜೇಸಾಬ.

ಇಂಜಿನ್ನು ಬಂದ್ ಮಾಡಿ ಕೆಳಗಿಳಿದೆ. ಅಣ್ಣ ಬಾನೆಟ್ ಎತ್ತಿ, ಹಸಿಯಾದ ಕಾರ್ಬುರೇಟರ್ ಮುಟ್ಟಿ, ಬೆರಳು ಉಜ್ಜಿ ನೋಡಿ, ನೇರವಾಗಿ ಗಾಳಿ ಡಬ್ಬಿಯ ಕಿವಿನಟ್ಟಿಗೆ ಕೈಹಾಕಿದ. ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದ. ಮುಖದಲ್ಲಿ ಸಿಟ್ಟೇನೂ ಕಾಣಲಿಲ್ಲ.

"ಯಾವನಲೇ ಇಷ್ಟು ಸುರದಾಂವ?" ಎಂದು ತನ್ನಷ್ಟಕ್ಕೆ ಅಂದ. ಅವನೇ ಮುಂದುವರಿಸಿದ. "ಬಾಡಿಗಿಗೆ ಹೋದಾಗ ಯಾರೋ ಸುರದಿರಬೇಕು. ಆವತ್ತ ನಮ್ಮ ಬಸ್ಯಾ ತಗದು ನೋಡಿದಾಗ ಗೆರಿಗೇ ಇತ್ತು. ಅವ ನೋಡೇನಿ ಅಂದ್ರ ನೋಡಿರತಾನ. ಆವತ್ತಿನ ಎಣ್ಣಿ ರಿಂಗಿಂದಽ, ಮುಂದ ಓಡಿ ಓಡಿ ರಿಂಗ ತಾವಽ ಕುಂತಾವ. ಇವತ್ತಿಂದು ಬ್ಯಾರೆ." ಮುಚ್ಚಳವನ್ನು ಮೆಲ್ಲಗೆ ಇಟ್ಟು ಕೈ ಒರೆಸಿಕೊಂಡ. "ನೀ ಪೆಟಿಗಿ ಕಟ್ಟಿಕೊಳ್ಳೋ ಸಾಹೇಬಾ. ಒಮ್ಮೆ ತಪ್ಪಿದ ಕೈ ಅದು."

ಗುಜರಿ ರೇಟಿಗೆ ಹೋಗಬೇಕಾದವನು ನಾನು. ಅಣ್ಣ ಅಷ್ಟು ಮಂದಿಯ ಎದುರು ನನ್ನ ಸುಳ್ಳಿಗೆ ತಾನೇ ಸಾಕ್ಷಿ ನಿಂತಿದ್ದ. ಸುಮ್ಮನಿದ್ದರೆ ಅದು ಹಾಗೇ ದಾಟಿಹೋಗುತ್ತಿತ್ತು, ಪೆಟ್ಟಿಗೆಯೂ ಹೋಗುತ್ತಿತ್ತು. ರಾಜೇಸಾಬ ಗೋಣಿತಟ್ಟಿನ ತುದಿ ಹಿಡಿದು ಮಡಚತೊಡಗಿದ. ನಾನು ಹೋಗಿ ತಟ್ಟಿನ ಮೇಲೆ ಕೈಯಿಟ್ಟೆ. ದಾರಿಯುದ್ದಕ್ಕೂ ಹೊಂದಿಸಿಕೊಂಡ ಮಾತು ಒಂದೂ ನೆನಪಿಗೆ ಬರಲಿಲ್ಲ.

"ಅಣ್ಣಾ, ಆವತ್ತ ನಾ ಮುಚ್ಚಳಾ ತಗದಿರಲಿಲ್ಲ. ನೋಡೇನಿ ಅಂದಿದ್ದು ಸುಳ್ಳು. ಅಮಾಸಿಗೊಮ್ಮೆ ಎಣ್ಣಿ ಸುರದಾಂವ ನಾನಽ, ಬ್ಯಾರೆ ಯಾರೂ ಅಲ್ಲ. ನಿನ್ನ ಕೈ ಎಂದೂ ತಪ್ಪಿಲ್ಲ. ಮಂದಿ ಮುಂದ ನಿನ್ನ ಕೈಗೆ ಹೆಸರಿಟ್ಟೆ, ಅದಕ್ಕ ಮಂದಿ ಮುಂದಽ ಹೇಳತೇನಿ. ನಂದು ತಪ್ಪಾತಣ್ಣಾ."